ಚೇತನಾ ಚೆಲ್ಲಿದ ನೀರು

“ನೀರು ಕೊಡಬ್ಯಾಡ್ರಿ! ಮೈಯೆಲ್ಲಾ ಬೆವತೈತಿ, ಈಗ ನೀರ ಕೊಟ್ರ ಎದಿ ಹಿಡೀತೈತಿ!”

ಲಿಂಗಪ್ಪ ಕೂಗಿದ್ದು ಬೆಂಗಳೂರಿನ ಶ್ರೀಗಂಧದ ಕಾವಲು ಬಡಾವಣೆಯ ಆ ಬೀದಿಗೆಲ್ಲ ಕೇಳಿಸಿತು. ಅವನ ಮಗಳು ಚೇತನಾ ಮನೆಯ ಮೆಟ್ಟಿಲ ಮೇಲೆ ಗೋಡೆಗೊರಗಿ ಕುಳಿತಿದ್ದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಸೈಕಲ್ಲು ಗೇಟಿಗೆ ಅಡ್ಡಬಿದ್ದಿತ್ತು. ಮೈಸೂರು ರಸ್ತೆಯಲ್ಲಿ ಅಭ್ಯಾಸ ಮುಗಿಸಿ ಬರುವಾಗ ಕೆಂಗೇರಿಯ ಹತ್ತಿರ ಅವಳಿಗೆ ತಲೆ ಸುತ್ತಿತ್ತು. ಹೇಗೋ ಮನೆ ಮುಟ್ಟಿದ್ದಳು.

ತಾಯಿ ಶಂಕ್ರವ್ವ ಚೊಂಬು ಹಿಡಿದು ನಿಂತಲ್ಲೇ ನಿಂತಳು. ಪಕ್ಕದ ಮನೆಯ ನರ್ಸ್ ಸತ್ಯವತಿ ಓಡಿ ಬಂದು ಆ ಚೊಂಬನ್ನು ಇಸಿದುಕೊಂಡಳು.

“ಲಿಂಗಪ್ಪನವ್ರೇ, ಸ್ವಲ್ಪ ಸರೀರಿ. ಚೇತನಾ, ಗಟಗಟ ಬೇಡ ಕಣಮ್ಮ. ಒಂದೊಂದೇ ಗುಟುಕು.”

ಸ್ವಲ್ಪ ಹೊತ್ತಿನಲ್ಲಿ ಚೇತನಾಳ ಮುಖಕ್ಕೆ ಬಣ್ಣ ಬಂತು. ಆದರೆ ಶಂಕ್ರವ್ವನ ಸಿಟ್ಟು ಇಳಿಯಲಿಲ್ಲ. “ಇನ್ನೊಂದ ಸಲ ಹಿಂಗಾತಂದ್ರ ಆ ಸೈಕಲ್ ಮಾರಿ ಬಿಡ್ತೀನಿ. ನನಗ ರೇಸ್ ಬ್ಯಾಡ, ಮಗಳ ಬೇಕು” ಎಂದಳು.

ಚೇತನಾಳ ಕಣ್ಣು ತುಂಬಿತು. ಮುಂದಿನ ತಿಂಗಳೇ ಟ್ರಯಾಥ್ಲಾನ್ ಇತ್ತು. ಮೊದಲು ಈಜು, ಆಮೇಲೆ ಇದೇ ಮೈಸೂರು ರಸ್ತೆಯಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್, ಅದರ ಬೆನ್ನಿಗೇ ಓಟ. ನಡುವೆ ವಿಶ್ರಾಂತಿಯಿಲ್ಲ. ಬಾಗಲಕೋಟೆಯ ಕಡೆ ಹೊಳೆಯಲ್ಲಿ ಈಜು ಕಲಿತು, ಅಲ್ಲಿನ ರಸ್ತೆಗಳಲ್ಲೇ ಸೈಕಲ್ ತುಳಿದು ಬೆಳೆದ ಹುಡುಗಿ ಅವಳು. ಈ ಒಂದು ಬೆಳಿಗ್ಗೆಗಾಗಿ ವರ್ಷವಿಡೀ ಕಾದಿದ್ದಳು.

“ಅಭ್ಯಾಸದಲ್ಲಿ ನೀರು ಎಷ್ಟು ಕುಡೀತೀಯ?” ಸತ್ಯವತಿ ಕೇಳಿದಳು.

ಉತ್ತರ ಲಿಂಗಪ್ಪನಿಂದ ಬಂತು. “ಒಂದ್ ಹನಿನೂ ಇಲ್ಲ! ನಾ ಗರಡ್ಯಾಗ ಕುಸ್ತಿ ಆಡಿದಾಂವ ರೀ. ನಮ್ಮ ಉಸ್ತಾದ ಹೇಳ್ತಿದ್ದ, ಬೆವರು ಆರೂ ತನಕ ನೀರು ಮುಟ್ಟಬಾರದು ಅಂತ. ಕುಡದ್ರ ಹೊಟ್ಯಾಗ ಕುಲುಕಾಡತೈತಿ, ದಮ್ಮು ಹೋಗತೈತಿ.”

“ನಿಮ್ಮ ಕುಸ್ತಿ ಎಷ್ಟು ಹೊತ್ತು ನಡೀತಿತ್ತು?”

“ಭಾಳಂದ್ರ ಅರ್ಧ ತಾಸು.”

“ಇವಳು ಸೈಕಲ್ ಮೇಲೇ ಮೂರು ತಾಸಿಗಿಂತ ಜಾಸ್ತಿ ಕೂರ್ತಾಳೆ. ಗಾಳಿಗೆ ಬೆವರು ಆರೋಗುತ್ತೆ, ಹೋಗಿದ್ದೇ ಗೊತ್ತಾಗಲ್ಲ. ನಂಬಿಕೆ ಇಲ್ದಿದ್ರೆ ತೂಕ ಹಾಕಿ ನೋಡೋಣ.”

ತೂಕ ಎಂದಾಗ ಲಿಂಗಪ್ಪನ ಕಿವಿ ನೆಟ್ಟಗಾಯಿತು. ಅನ್ನಪೂರ್ಣೇಶ್ವರಿ ನಗರದ ಅಕ್ಕಿ ಗೋದಾಮಿನಲ್ಲಿ ಮೂಟೆ ಹೊರುವುದು, ತೂಗುವುದು ಅವನ ಕೆಲಸ. ಮುಂದಿನ ಭಾನುವಾರ ಎಲ್ಲರೂ ಗೋದಾಮಿಗೆ ಹೋದರು. ಮೂಟೆ ತೂಗುವ ತಕ್ಕಡಿಯ ಮೇಲೆ ಚೇತನಾಳನ್ನು ನಿಲ್ಲಿಸಿದರು. ಅಭ್ಯಾಸ ಮುಗಿಸಿ ಬಂದ ಮೇಲೆ ಇನ್ನೊಮ್ಮೆ ನಿಲ್ಲಿಸಿದರು. ಎರಡು ಕಿಲೋ ಇಳಿದಿತ್ತು!

“ನೋಡ್ರಿ, ಬೊಜ್ಜು ಕರಗೇತಿ!” ಲಿಂಗಪ್ಪ ಹಿಗ್ಗಿದ.

“ಒಂದು ಬೆಳಿಗ್ಗೆಗೆ ಎರಡು ಕಿಲೋ ಬೊಜ್ಜು ಕರಗೋ ಹಾಗಿದ್ರೆ ನಾನೂ ನಾಳೆಯಿಂದ ಸೈಕಲ್ ತುಳೀತೀನಿ” ಎಂದು ಸತ್ಯವತಿ ನಕ್ಕಳು. “ಇದು ನೀರು. ನೀರು ಕಡಿಮೆಯಾದ್ರೆ ರಕ್ತ ಗಟ್ಟಿಯಾಗುತ್ತೆ, ಎದೆ ಜೋರಾಗಿ ಬಡಿಯುತ್ತೆ, ಕಾಲು ಹಿಡ್ಕೊಳ್ಳುತ್ತೆ. ಆಮೇಲೆ ತಲೆಸುತ್ತು.”

ಲಿಂಗಪ್ಪ ತಕ್ಕಡಿಯನ್ನೇ ನೋಡುತ್ತ ನಿಂತ. ಉಸ್ತಾದರ ಮಾತು ದೊಡ್ಡದು. ಆದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಸತ್ಯವತಿ ಬಿಡಿಸಿ ಹೇಳಿದಳು. “ಒಂದೇ ಸಲ ಚೊಂಬುಗಟ್ಟಲೆ ಕುಡಿದ್ರೆ ಹೊಟ್ಟೆ ಕುಲುಕೋದು ನಿಜಾನೇ. ಅದಕ್ಕೇ ಗುಟುಕು ಗುಟುಕಾಗಿ ಕುಡೀಬೇಕು. ರಸ್ತೆ ಬದೀಲಿ ಕಿಲೋಮೀಟರ್ ಕಲ್ಲು ಇರುತ್ತಲ್ಲ, ಐದು ಕಲ್ಲು ದಾಟಿದ್ರೆ ಎರಡು ಮೂರು ಗುಟುಕು. ಬಿಸಿಲಿದ್ರೆ ಇನ್ನೊಂಚೂರು. ಬರೀ ನೀರನ್ನೇ ಲೀಟರ್‌ಗಟ್ಟಲೆ ಸುರ್ಕೊಂಡ್ರೂ ಅಪಾಯ, ಬೆವರಿನ ಜೊತೆ ಉಪ್ಪೂ ಹೋಗಿರುತ್ತೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಟ್ಟಸವಾಗಿ ಅಳೀಬೇಕು. ಬೇಕಾದ್ರೆ ನಿಂಬೆಹಣ್ಣು ಹಿಂಡಿ.”

ಮುಂದಿನ ವಾರ ಶಂಕ್ರವ್ವ ಎರಡು ಬಾಟಲಿ ತುಂಬಿಸಿ ಕೊಟ್ಟಳು. ಅಭ್ಯಾಸ ಮುಗಿಸಿ ಚೇತನಾ ಖಾಲಿ ಬಾಟಲಿಗಳೊಂದಿಗೆ ಗೋದಾಮಿಗೆ ಬಂದಳು. ಎಲ್ಲರಿಗೂ ಖುಷಿ! ಲಿಂಗಪ್ಪ ಉತ್ಸಾಹದಿಂದ ತಕ್ಕಡಿಗೆ ಹತ್ತಿಸಿದ. ಮತ್ತೆ ಎರಡು ಕಿಲೋ ಕಡಿಮೆ.

“ಇದೇನ್ರಿ ಸಿಸ್ಟರ್, ಅಷ್ಟೂ ಕುಡದಾಳ, ತೂಕ ಅಷ್ಟಕ್ಕಷ್ಟ ಇಳದೈತಿ!”

ಸತ್ಯವತಿ ಚೇತನಾಳ ಕಡೆ ನೋಡಿದಳು. ಚೇತನಾ ತಲೆ ತಗ್ಗಿಸಿದಳು.

“ಚೆಲ್ಲಿದೆ ಅಕ್ಕಾ.”

“ಯಾಕ ಚೆಲ್ಲಿದಿ?” ಶಂಕ್ರವ್ವ ಗದರಿದಳು.

ಚೇತನಾ ಅಪ್ಪನ ಮುಖ ನೋಡಲಿಲ್ಲ. ತಾಯಿಯ ಸೆರಗಿನ ಅಂಚು ಹಿಡಿದು ಮೆಲ್ಲಗೆ ಹೇಳಿದಳು: “ಕುಡದ್ರ ಹೋಗಬೇಕಾಗ್ತೈತಿ ಯವ್ವಾ. ಹುಡುಗರು ರಸ್ತೆ ಮಗ್ಗಲಕ್ಕ ನಿಲ್ತಾರ. ನಾ ಎಲ್ಲಿ ಹೋಗಲಿ?”

ಇಷ್ಟು ದಿನ ಎಲ್ಲರೂ ಹೊಟ್ಟೆಗೆ ಹೋಗುವ ನೀರಿನ ಬಗ್ಗೆಯೇ ಯೋಚಿಸಿದ್ದರು. ಅವಳು ಬಾಯಾರಿಕೆಯನ್ನಷ್ಟೇ ಅಲ್ಲ, ಇದನ್ನೂ ತಡೆದುಕೊಂಡು ಸೈಕಲ್ ತುಳಿದಿದ್ದಳು.

“ಇದು ನಂಗೂ ಹೊಳೀಲಿಲ್ಲವಲ್ಲ. ಮೊದಲೇ ಕೇಳಬೇಕಿತ್ತು” ಎಂದು ಸತ್ಯವತಿ ಹಣೆ ಒತ್ತಿಕೊಂಡಳು.

ಮರುದಿನ ಲಿಂಗಪ್ಪ ಮೊಪೆಡ್ ಹತ್ತಿ ಮೈಸೂರು ರಸ್ತೆ ಹಿಡಿದ. ಇಂಥ ವಿಷಯವನ್ನು ಅಪರಿಚಿತರ ಮನೆಯಲ್ಲಿ ಹೇಗೆ ಕೇಳುವುದು? ಎರಡು ಗೇಟುಗಳ ಮುಂದೆ ನಿಂತು, ಕೇಳಲಾಗದೆ ಮುಂದೆ ಹೋದ. ಕುಂಬಳಗೋಡಿನ ಬಳಿ ಚಿಕ್ಕಲಕ್ಷ್ಮಮ್ಮ ಎಂಬ ಹಿರಿಯ ಹೆಂಗಸು ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಲಿಂಗಪ್ಪ ಕೈಮುಗಿದು, ತೊದಲುತ್ತ ಎಲ್ಲ ಹೇಳಿದ.

“ಅಯ್ಯೋ, ಇಷ್ಟಕ್ಕೆ ಇಷ್ಟು ನಾಚ್ಕೊಂಡ್ಯೇನಪ್ಪ? ಹೆಣ್ಮಗು ಕಷ್ಟ ನಂಗೆ ತಿಳಿಯಲ್ವಾ? ಬಚ್ಚಲ್ಮನೆ ಬಾಗ್ಲು ತೆಗೆದೇ ಇರುತ್ತೆ, ಬರ್ಲಿ. ಬಿಡದೀಲಿ ನನ್ನ ತಂಗಿ ಮನೆ ಐತೆ, ಅಲ್ಗೂ ಹೇಳ್ತೀನಿ!”

ಅಲ್ಲಿಂದ ಲಿಂಗಪ್ಪ ನೇರವಾಗಿ ಸ್ಪರ್ಧೆಯವರ ಬಳಿಗೇ ಹೋದ. ಆ ಮನೆಗಳನ್ನು ಎಲ್ಲ ಹುಡುಗಿಯರಿಗೂ ತಿಳಿಸಿ ಎಂದು ಕೇಳಿದ. ಅವರೂ ಒಪ್ಪಿದರು. ಸ್ಪರ್ಧೆಯ ದಿನ ಆ ಎರಡು ಮನೆಗಳ ಮುಂದೆ ‘ಮಹಿಳೆಯರ ಶೌಚಾಲಯ ಇಲ್ಲಿದೆ’ ಎಂಬ ಬೋರ್ಡು ನಿಂತಿತು.

ಆ ಬೆಳಿಗ್ಗೆ ನೋಡಬೇಕಿತ್ತು! ಈಜು ಮುಗಿಸಿ ಒದ್ದೆ ಕೂದಲಲ್ಲೇ ಚೇತನಾ ಸೈಕಲ್ ಹತ್ತಿದಳು. ಕೆಂಗೇರಿ ಹಿಂದೆ ಬಿತ್ತು. ಐದು ಕಲ್ಲು, ಮೂರು ಗುಟುಕು. ಮತ್ತೆ ಐದು ಕಲ್ಲು, ಮತ್ತೆ ಗುಟುಕು. ಬಾಯಾರಿಕೆಗೆ ಮೊದಲೇ ಕೈ ಬಾಟಲಿಗೆ ಹೋಗುತ್ತಿತ್ತು. ಚನ್ನಪಟ್ಟಣ ಮುಟ್ಟಿ ತಿರುಗಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು.

ಬಿಡದಿಯಲ್ಲಿ ಅವಳು ಬೋರ್ಡು ನೋಡಿ ಇಳಿದಳು. ಅಷ್ಟರಲ್ಲಿ ಇಬ್ಬರು ಮುಂದೆ ಹೋದರು.

“ಹೋಗ್ಲಿ ಬಿಡವ್ವಾ!” ರಸ್ತೆಯಾಚೆಯಿಂದ ಪರಿಚಿತ ದನಿ ಕೇಳಿತು. ಲಿಂಗಪ್ಪ ಬಿಸಿಲಲ್ಲಿ ನಿಂತು ಟವೆಲ್ ಬೀಸುತ್ತಿದ್ದ. ಚೇತನಾ ಹೊರಬಂದು ಸೈಕಲ್ ಹತ್ತುತ್ತಲೇ ಅವನು ಗಂಟಲು ಹರಿಯುವಂತೆ ಕೂಗಿದ: “ಕುಡಿ, ಮಗಳ, ಕುಡಿ! ಕುಡದ ತುಳಿ!”

ಚೇತನಾ ನಗುತ್ತಲೇ ಗುಟುಕರಿಸಿ ಹೊರಟಳು. ಮುಂದೆ ಹೋದ ಇಬ್ಬರಲ್ಲಿ ಒಬ್ಬಳು ಕೆಂಗೇರಿಯ ಹತ್ತಿರ ಕಾಲು ಹಿಡಿದುಕೊಂಡು ಇಳಿದಿದ್ದಳು. ಚೇತನಾ ಬಿಡದಿಯಲ್ಲಿ ತುಂಬಿಸಿಕೊಂಡಿದ್ದ ಒಂದು ಬಾಟಲಿಯನ್ನು ಅವಳಿಗೆ ಕೊಟ್ಟೇ ಮುಂದೆ ಹೋದಳು. ಓಟಕ್ಕಿಳಿದಾಗ ಅವಳ ಕಾಲುಗಳಲ್ಲಿ ಶಕ್ತಿ ಉಳಿದಿತ್ತು. ಕೊನೆಯ ಗೆರೆಯನ್ನು ನಾಲ್ಕನೆಯವಳಾಗಿ ದಾಟಿದಳು. ಬೀಳಲಿಲ್ಲ. ತಲೆ ಸುತ್ತಲಿಲ್ಲ. ಶಂಕ್ರವ್ವ ಮಗಳ ಕೆನ್ನೆ ಮುಟ್ಟಿ ನೋಡಿ, “ಸೈಕಲ್ ಮಾರಂಗಿಲ್ಲ ಬಿಡು” ಎಂದಳು.

ಅಷ್ಟರಲ್ಲಿ ಮೊಪೆಡ್ ನಿಲ್ಲಿಸಿ ಬಂದ ಲಿಂಗಪ್ಪ ತೂರಾಡುತ್ತ ಕಂಬ ಹಿಡಿದುಕೊಂಡ.

“ಅಪ್ಪಾ, ನೀ ಮುಂಜಾನಿಂದ ನೀರ ಕುಡದಿಯೇನ?”

“ನಿನ್ನ ನೋಡಾಕ ನಿಂತಿದ್ದೆ, ಮರತೇ ಹೋತು...”

ಚೇತನಾ ಬಾಟಲಿ ಮುಂದೆ ಹಿಡಿದಳು. ಹಳೆಯ ಪೈಲ್ವಾನ ಮೈತುಂಬ ಬೆವರಿದ್ದ. ಆ ಬೆವರಿನಲ್ಲೇ ಒಂದೊಂದೇ ಗುಟುಕಾಗಿ ನೀರು ಕುಡಿದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಸೈಕಲ್ ತುಳಿಯಲಿ, ಓಡಲಿ, ಮೂಟೆ ಹೊರಲಿ, ಬೆವರುವ ಮೈಗೆ ನೀರು ಬೇಕು. ಬಾಯಿ ಒಣಗುವ ತನಕ ಕಾಯಬೇಡಿ. ಒಂದೇ ಸಲ ಸುರಿದುಕೊಳ್ಳಲೂಬೇಡಿ. ಮೂತ್ರ ಕಡು ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಎಂದು ದಯವಿಟ್ಟು ವೈದ್ಯರನ್ನು ಕೇಳಿಯೇ ನಡೆಯಿರಿ. ನಿಮ್ಮ ಮಗಳು ಬಾಟಲಿ ತೆಗೆದುಕೊಂಡು ಹೊರಟಾಗ ನೀರಿದೆಯೇ ಎಂದಷ್ಟೇ ಕೇಳಬೇಡಿ. ದಾರಿಯಲ್ಲಿ ಅವಳು ನಿಶ್ಚಿಂತೆಯಿಂದ ಇಳಿಯಲು ಒಂದು ಬಾಗಿಲು ಇದೆಯೇ ಎಂದೂ ಕೇಳಿ. ನಿಮ್ಮ ಮನೆ ರಸ್ತೆ ಬದಿಯಲ್ಲಿದ್ದರೆ, ಆ ಬಾಗಿಲನ್ನು ನೀವೇ ತೆರೆದಿಡಿ.