ಹಗಲಲ್ಲಿ ಹಾಕಿದ ಹಲಗೆ

ಗುಲಾಮ್ ಹುಸೇನರ ಉಪ್ಪು, ಒಣಮೀನಿನ ಅಂಗಡಿಗೆ ಬಾಗಿಲಿಲ್ಲ; ಹಲಗೆಗಳಿವೆ. ಆಳೆತ್ತರದ ಹಲಸಿನ ಹಲಗೆಗಳನ್ನು ಹೊಸ್ತಿಲಿನಲ್ಲಿ ಕೊರೆದ ಸಾಲಿನೊಳಗೆ ಒಂದರ ಪಕ್ಕ ಒಂದು ನಿಲ್ಲಿಸಿದರೆ ಅಂಗಡಿ ಮುಚ್ಚಿದಂತೆ. ಕ್ರಮ ತಪ್ಪದಿರಲೆಂದು ಪ್ರತಿಯೊಂದರ ತಲೆಯಲ್ಲೂ ಉಳಿಯಿಂದ ಕೆತ್ತಿದ ಅಂಕಿ ಇದೆ. ಕೊಪ್ಪದ ಪೇಟೆಯಲ್ಲಿ ಉಳಿದವರೆಲ್ಲ ಶಟರ್ ಹಾಕಿಸಿಕೊಂಡಾಗಿದೆ. ಹುಸೇನರಿಗೂ ಈಗ ಭುಜದ ನೋವು. ಸೋಮವಾರ ಶಟರಿನವನು ಬರುವುದೆಂದು ನಿಶ್ಚಯವಾಗಿತ್ತು.

ಅದರ ಹಿಂದಿನ ದಿನವೇ ನನ್ನ ನಡಿಗೆ. ಕುಂದಾಪುರದಲ್ಲಿ ಕಡಲ ದಂಡೆಯ ಹಳೆಯ ಕಟ್ಟಡಗಳನ್ನು ನಡೆದು ನೋಡುವ ತಂಡವೊಂದು ಕೊಪ್ಪಕ್ಕೆ ಬರುವುದಿತ್ತು. ಊರು ತೋರಿಸಲು ನಾನು ಒಪ್ಪಿಕೊಂಡಿದ್ದೆ.

“ಟೀಚರ್ರೇ, ನೋಡಿದವರು ಇದನ್ನ ಚೆಂದ ಅಂದ್ರೆ ಇಟ್ಕೊಳ್ತೀನಿ,” ಎಂದು ಹುಸೇನರು ನಕ್ಕಿದ್ದರು. “ಇಲ್ದಿದ್ರೆ ಸೋಮವಾರ ಸೌದೆ.”

ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮಳೆ ಬಂದರೆ ಎಲ್ಲಿ ನಿಲ್ಲುವುದು, ಒಣಮೀನಿನ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಂಡರೆ ಏನು ಹೇಳುವುದು, ಎಲ್ಲವನ್ನೂ ಯೋಚಿಸಿಟ್ಟೆ.

ಭಾನುವಾರ ತಂಡದವರು ಬಸ್ ಸ್ಟ್ಯಾಂಡಿನ ಬಳಿ ಕಾಫಿ ಕುಡಿಯುತ್ತಿದ್ದಾಗ ಒಮ್ಮೆ ನೋಡಿ ಬರೋಣವೆಂದು ಅಂಗಡಿಗೆ ಹೋದೆ. ಅಂಗಡಿ ತೆರೆದಿತ್ತು. ಹಲಗೆಗಳೆಲ್ಲ ಒಳಗೆ, ಉಪ್ಪಿನ ಮೂಟೆಗಳ ಹಿಂದೆ ಒರಗಿದ್ದವು. ಜಯಪುರದ ಶಾಲೆಗೆ ಮೊದಲ ಬಸ್ಸು ಹಿಡಿಯುವ ನಾನು ದಿನವೂ ಬೆಳಿಗ್ಗೆ ಕಂಡಿದ್ದು ಮುಚ್ಚಿದ ಅಂಗಡಿಯನ್ನು; ಸಂಜೆ ಬಸ್ಸಿಳಿದರೆ ನೇರ ಮನೆಗೆ. ತೆರೆದಾಗ ಹಲಗೆ ಕಾಣುವುದಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ.

“ಸಾಬ್ರೇ, ಸ್ವಲ್ಪ ಹೊತ್ತು ಹಲಗೆ ಹಾಕ್ತೀರಾ?”

“ಹಾಡಹಗಲಲ್ಲಾ? ಹಗಲು ಹಲಗೆ ಹಾಕೋದು ಮನೇಲಿ ಯಾರಾದ್ರೂ ತೀರ್ಕೊಂಡ್ರೆ ಮಾತ್ರ. ನಮ್ಮಪ್ಪ ಹೋದ ದಿನ ಹಾಕಿದ್ದು.”

ಒಳಗೆ ಮೀನು ತೂಗುತ್ತಿದ್ದ ಅವರ ಹೆಂಡತಿ ಬದರುನ್ನೀಸಾ ತಲೆಯೆತ್ತಿದರು. “ಹಾಕ್ರೀ ಅತ್ಲಾಗೆ. ನಾಳೆ ಹೆಂಗೂ ಸೌದೆ ಮಾಡೋರು. ಒಂದ್ಸಲ ನಾಲ್ಕು ಜನ ನೋಡ್ಲಿ.”

ಹುಸೇನರು ಗೊಣಗುತ್ತ ಒಳಗಿನಿಂದಲೇ ಹಲಗೆ ನಿಲ್ಲಿಸತೊಡಗಿದರು. ನಾನು ತಂಡವನ್ನು ಕರೆತರಲು ಓಡಿದೆ.

ಮರಳಿ ಬರುವಷ್ಟರಲ್ಲಿ ಅಂಗಡಿಯ ಮುಂದೆ ಜನ. ಎದುರಿನ ಬಳೆ ಅಂಗಡಿಯ ಸುಂದರೇಶ್ ಕೈಕಟ್ಟಿ ನಿಂತಿದ್ದರು. ಆಟೋದವರು ಇಳಿದು ಬಂದಿದ್ದರು. ಪಕ್ಕದ ನಾರ್ವೆ ಹಳ್ಳಿಯ ಜಲಜಮ್ಮ ತರಕಾರಿ ಚೀಲ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸುತ್ತಿದ್ದರು. “ಮೊನ್ನೆ ಚೌಕಾಸಿ ಮಾಡಿದೆ ಅಂತ ಬೈದಿದ್ರು. ಬೈದ್ರೂ ಒಂದು ಬಂಗಡೆ ಜಾಸ್ತಿನೇ ಹಾಕಿದ್ರು, ಪಾಪ.”

ಕುಂದಾಪುರದವರು ಫೋಟೋ ತೆಗೆಯುವುದೋ ಬೇಡವೋ ಎಂದು ನನ್ನ ಮುಖ ನೋಡಿದರು.

ಅಷ್ಟರಲ್ಲಿ ಒಂದು ಹಲಗೆ ಸರಿದು ಹುಸೇನರ ಮುಖ ಹೊರಬಂತು. ಇಷ್ಟು ಜನರನ್ನು ಕಂಡು ಅವರೇ ಗಾಬರಿಯಾದರು.

“ಯಾರು ಹೋದ್ರು?”

“ನೀವೇ!” ಎಂದರು ಜಲಜಮ್ಮ.

ಪೇಟೆಯೆಲ್ಲ ನಕ್ಕಿತು. ಸುಂದರೇಶ್ ಮಾತ್ರ ರೇಗಿದರು. “ಎಂತ ಮಾರಾಯ್ರೇ! ನಿಮ್ಮನ್ನ ಹೊರೋಕೆ ಭುಜ ಕೊಡಣ ಅಂತ ವ್ಯಾಪಾರ ಬಿಟ್ಟು ಬಂದಿದೀನಿ!”

ತಂಡದ ಹಿರಿಯ ಹೆಂಗಸೊಬ್ಬರು ಬಗ್ಗಿ, ಉಪ್ಪಿನಿಂದ ಬೆಳ್ಳಗಾದ ಹಲಗೆಯ ಬುಡವನ್ನು ಮುಟ್ಟಿ, “ಎಷ್ಟ್ ಚೆಂದ ಇತ್ತಲೆ,” ಎಂದು ಕುಂದಾಪುರದ ಮಾತಿನಲ್ಲೇ ಮೆಚ್ಚಿದರು. ನಾನು ಕಾಯುತ್ತಿದ್ದ ಮಾತು ಅದೇ. ಆದರೆ ಹುಸೇನರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನೆರೆದವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದರು.

“ಶಟರ್ ಎಳೆದಿದ್ರೆ ಊಟಕ್ಕೆ ಹೋಗಿದಾನೆ ಅಂದ್ಕೋತಿದ್ರಿ,” ಎಂದರು ನಿಧಾನವಾಗಿ. “ಒಬ್ರೂ ಬರ್ತಿರ್ಲಿಲ್ಲ.” ಆಮೇಲೆ ಸುಂದರೇಶರತ್ತ ತಿರುಗಿದರು. “ನನ್ನನ್ನ ಹೊರೋ ಭುಜ ಇದ್ಯಲ್ಲ, ನಾಳೆಯಿಂದ ಹಲಗೆ ಹೊರು.”

ಸೋಮವಾರ ಸಂಜೆ ಶಾಲೆಯಿಂದ ಬಂದು ಬಸ್ಸಿಳಿದವಳು ಮನೆಯ ದಾರಿ ಬಿಟ್ಟು ಪೇಟೆಯ ಕಡೆ ನಡೆದೆ. ಸುಂದರೇಶ್ ಬೆವರುತ್ತ ಹಲಗೆಯೊಂದನ್ನು ಸಾಲಿಗೆ ಕೂರಿಸಲು ಹೆಣಗುತ್ತಿದ್ದರು. ಹುಸೇನರು ಸ್ಟೂಲಿನ ಮೇಲೆ ಕೂತು ಭುಜ ನೀವಿಕೊಳ್ಳುತ್ತಿದ್ದರು.

“ಅದು ಐದು ಮಾರಾಯ. ನಾಲ್ಕು ಎಲ್ಲಿ?”