ಎಡಗೈಯ ಪುಡಿ

ನಾನು ಹುಟ್ಟುವ ಮೊದಲೇ ನನಗೆ ಯಾವ ಕೈ ಇರಬೇಕೆಂದು ನಿಶ್ಚಯವಾಗಿತ್ತು. ಎಡಗೈ.

ನಾನೊಂದು ಚಿಟಿಕೆ ಬಿಳಿ ಪುಡಿ. ಬರಿಗಣ್ಣಿಗೆ ಮೈದಾಹಿಟ್ಟು. ದೊಡ್ಡ ಸೂಕ್ಷ್ಮದರ್ಶಕದಡಿ ಇಟ್ಟರೆ ಮಾತ್ರ ನನ್ನ ಕಣಗಳು ಸಾಸಿವೆಯ ಹಾಗೆ ದುಂಡಗೆ ಕಾಣುತ್ತವೆ. ಪ್ರತಿ ಕಣದೊಳಗೂ ಪಾಲಿಮರಿನ ಉದ್ದನೆಯ ಎಳೆಗಳಿವೆ. ಆ ಎಳೆಗಳೆಲ್ಲ ಒಂದೇ ಕಡೆಗೆ, ಎಡಕ್ಕೆ, ಹುರಿಗೊಂಡಿರಬೇಕೆಂಬುದು ನನ್ನನ್ನು ಮಾಡಿದವಳ ಆಸೆ.

ಅವಳ ಹೆಸರು ನೀಲಾಂಬಿಕಾ. ಧಾರವಾಡದ ಒಂದು ರಸಾಯನಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮಾತು ಕಡಿಮೆ, ಹುಟ್ಟಾ ಎಡಚಿ. ಗಾಜಿನ ಕುಪ್ಪಿಯಲ್ಲಿ ದ್ರಾವಣ, ಅದರ ತಳದಲ್ಲಿ ಗಿರ್ರನೆ ತಿರುಗುವ ಅಯಸ್ಕಾಂತದ ಕಡ್ಡಿ. ವೇಗವರ್ಧಕದ ಹನಿ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ತಿಳಿನೀರಿನಂತಿದ್ದ ನಾನು ಹಾಲಿನಂತೆ ಬೆಳ್ಳಗಾದೆ. ನೀಲಾ ಕುಪ್ಪಿಗೆ ಹಣೆ ತಾಗಿಸಿಕೊಂಡು ನಿಂತುಬಿಟ್ಟಳು. ಆಮೇಲೆ ನನ್ನನ್ನು ಸೋಸಿ, ತೊಳೆದು, ಓವನ್ನಿನಲ್ಲಿ ಒಣಗಿಸಿ, ಸಣ್ಣ ಶೀಶೆಗೆ ತುಂಬಿ, ಮೇಲೆ ‘ಎಡ’ ಎಂದು ಬರೆದಳು.

ಅವಳ ಮಾರ್ಗದರ್ಶಕರು ಕೌಜಲಗಿ ಸರ್. ಶೀಶೆಯನ್ನು ಬೆಳಕಿಗೆ ಹಿಡಿದು ನಕ್ಕರು.

“ಎಡಚಿ ಕೈಯಾಗ ಹುಟ್ಟಿದ್ದು ಎಡಚ ಪುಡೀನ ಆಗ್ತೈತಿ. ಬಲಕ್ಕ ಹೊಳ್ಳತೈತೇನವಾ?”

ನೀಲಾ ತಲೆ ತಗ್ಗಿಸಿ ನಕ್ಕಳು. ನನಗೂ ಹೆಮ್ಮೆಯಾಯಿತು.

ನನ್ನಿಂದ ಏನಾಗಬೇಕಿತ್ತು ಅಂದರೆ, ಕೆಲವು ವಸ್ತುಗಳಿಗೆ ಎರಡು ರೂಪಗಳಿರುತ್ತವೆ, ನಿಮ್ಮ ಎರಡು ಕೈಗಳ ಹಾಗೆ. ನೋಡಲು ಒಂದೇ, ಆದರೆ ಒಂದರ ಕೈಗವಸು ಇನ್ನೊಂದಕ್ಕೆ ಹೊಂದುವುದಿಲ್ಲ. ಔಷಧಿಯಲ್ಲಾದರೆ ಒಂದು ರೂಪ ಗುಣ ಮಾಡುವಾಗ ಇನ್ನೊಂದು ಕೇಡು ಮಾಡುವುದೂ ಉಂಟು. ಎರಡೂ ಬೆರೆತ ದ್ರಾವಣಕ್ಕೆ ನನ್ನನ್ನು ಉದುರಿಸಿದರೆ ನಾನು ಎಡರೂಪವನ್ನಷ್ಟೇ ಹತ್ತಿರ ಕರೆದು ಹರಳುಗಟ್ಟಿಸಬೇಕು. ಅಷ್ಟು ಮಾಡಿದರೆ ನೀಲಾಳಿಗೆ ಪಿಎಚ್.ಡಿ. ಇಲ್ಲವಾದರೆ ಇಲ್ಲ. ಅವಳ ಕೊನೆಯ ಅವಧಿವಿಸ್ತರಣೆ ಓಡುತ್ತಿತ್ತು.

ಮೊದಲು ಅವಳು ನಾನಿಲ್ಲದೆಯೇ ಮಾಡಿ ನೋಡಿದಳು. ಬೆರಕೆ ಹರಳು ಬಂತು, ಬರಬೇಕಾದದ್ದೂ ಅದೇ. ಆಮೇಲೆ ಹೋಲಿಸಿ ನೋಡಲೆಂದು, ಕೊಂಡು ತಂದ ಶುದ್ಧ ಎಡರೂಪದ ಹರಳನ್ನು ಪಿಂಗಾಣಿಯ ಕಲ್ಬತ್ತಿನಲ್ಲಿ ಅರೆದಳು. ಧೂಳು ಎದ್ದಿತು, ಏಪ್ರನ್ನಿನ ತೋಳಿನ ಮೇಲೆ ಕೂತಿತು. ಅವಳದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ, ಅದರ ಅರ್ಥ ಮಾತ್ರ ನನಗೂ ಆಗಲಿಲ್ಲ.

ಅದಾದ ಮೇಲೆ ನನ್ನನ್ನು ಉದುರಿಸಿದ ಪ್ರತಿ ಬಟ್ಟಲಲ್ಲೂ ಎಡರೂಪವೇ ಬಂತು. ನೀಲಾಳ ಗೆಳತಿ ರುಕ್ಸಾನಾ ಕುಣಿದೇಬಿಟ್ಟಳು.

ನಮ್ಮ ಪ್ರಯೋಗಾಲಯದಲ್ಲಿ ಒಂದು ನಂಬಿಕೆಯಿತ್ತು. ಫಲಿತಾಂಶ ಕೈಹತ್ತಿದಾಗ ಏಪ್ರನ್ ಒಗೆಯಬಾರದು.

“ನಾರಾಕತ್ತೈತಲ್ಲೇ ಇದು” ಎಂದು ನೀಲಾ ಮುಖ ಕಿವುಚಿದಳು.

“ನಾರ್ಲಿ ಬಿಡು. ನಿನ್ನ ನೋಡಾಕ ವರ ಬಂದಾಗ ಹಾಕ್ಕೊಂಡು ಕುಂದ್ರಾಕಿದ್ರ ಒಗಿ. ಇಲ್ಲಾಂದ್ರ ಮುಟ್ಟಬ್ಯಾಡ, ನಸೀಬ ತೊಳಕೊಂಡ ಹೋಗ್ತೈತಿ” ಎಂದಳು ರುಕ್ಸಾನಾ.

ನೀಲಾ ಒಗೆಯಲಿಲ್ಲ. ಆ ಏಪ್ರನ್ ತೊಟ್ಟೇ ಬಟ್ಟಲ ಮೇಲೆ ಬಾಗುತ್ತಿದ್ದಳು. ಸರ್ ನನ್ನನ್ನು ಜೇಬಿನಲ್ಲಿಟ್ಟುಕೊಂಡು ಸಭೆಗಳಿಗೆ ಹೋದರು. ದೊಡ್ಡ ದೊಡ್ಡವರ ಅಂಗೈಗಳ ಮೇಲೆ ಕೂತು ಬಂದೆ. ಎಲ್ಲರೂ ‘ಎಡ’ ಎಂದು ಓದಿ ಹುಬ್ಬೇರಿಸುತ್ತಿದ್ದರು. ಲೇಖನವೂ ಹೋಯಿತು. ನಾನೂ ನಂಬಿದ್ದೆ. ಹೊಗಳಿದರೆ ಪುಡಿಯೂ ಉಬ್ಬುತ್ತದೆ.

ಲೇಖನ ಓದಿದ ಪರೀಕ್ಷಕರೊಬ್ಬರು, ಬೇರೆ ಕಡೆ ಮಾಡಿ ತೋರಿಸಿ ಎಂದರು. ನೀಲಾ ನನ್ನನ್ನು ಹೊಸ ಕಟ್ಟಡದ ಪ್ರಯೋಗಾಲಯಕ್ಕೆ ಒಯ್ದಳು. ಅಲ್ಲಿ ಹೊರಗಿನ ಏಪ್ರನ್ ಒಳಗೆ ಬಿಡುವುದಿಲ್ಲ. ಅವರದೇ ಒಗೆದ ಏಪ್ರನ್ ಕೊಟ್ಟರು. ಬಟ್ಟಲಿಗೆ ಬಿದ್ದೆ. ಕರೆದೆ, ಇದ್ದ ಶಕ್ತಿಯೆಲ್ಲ ಹಾಕಿ ಕರೆದೆ. ಎರಡೂ ಕೈಗಳು ಒಟ್ಟಿಗೇ ಬಂದವು. ಮತ್ತೊಮ್ಮೆ ಉದುರಿಸಿದಳು. ಮತ್ತೆ ಬೆರಕೆ.

ನೀಲಾ ನಮ್ಮ ಪ್ರಯೋಗಾಲಯಕ್ಕೆ ಹಿಂದಿರುಗಿದಳು. ಗೂಟದಲ್ಲಿದ್ದ ತನ್ನ ಹಳೆಯ ಏಪ್ರನ್ ತೆಗೆದು, ಅದರ ತೋಳಿನ ಮೇಲಿನ ಬಿಳಿ ಧೂಳನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಬೆರಕೆ ದ್ರಾವಣದ ಬಟ್ಟಲೊಂದರ ಮೇಲೆ ಆ ತೋಳನ್ನು ಮೆಲ್ಲಗೆ ಒದರಿದಳು. ನಾನು ಶೀಶೆಯಲ್ಲೇ ಇದ್ದೆ, ಮುಚ್ಚಳ ಬಿಗಿದಿತ್ತು.

ಬಟ್ಟಲಲ್ಲಿ ಹರಳುಗಟ್ಟಿತು. ಯಂತ್ರದಲ್ಲಿಟ್ಟು ನೋಡಿದಳು. ಎಡರೂಪ. ಶುದ್ಧ ಎಡರೂಪ.

ಅಷ್ಟು ದಿನ ಹರಳನ್ನು ಕರೆದದ್ದು ಕಲ್ಬತ್ತಿನಿಂದೆದ್ದು ತೋಳಿಗೆ ಅಂಟಿದ್ದ ಎಡರೂಪದ ಧೂಳು; ಅದರ ಒಂದು ಕಣ ಬಿದ್ದರೂ ಸಾಕು, ತನ್ನಂಥದ್ದನ್ನೇ ಹರಳುಗಟ್ಟಿಸುತ್ತದೆ. ನಾನು ಬಟ್ಟಲ ತಳದಲ್ಲಿ ಸುಮ್ಮನೆ ಬಿದ್ದಿರುತ್ತಿದ್ದೆ, ಅಷ್ಟೇ. ಒಣಗಿಸುವಾಗಿನ ಬಿಸಿಗೆ ನನ್ನ ಹುರಿ ಬಿಚ್ಚಿಹೋಗಿತ್ತೋ, ಮೊದಲೇ ಇರಲಿಲ್ಲವೋ, ನನಗೆ ತಿಳಿಯದು. ಒಳಗೊಳಗೇ ತಡಕಿ ನೋಡಿಕೊಂಡೆ. ಕೈ ಸಿಗಲಿಲ್ಲ.

ಸರ್‌ಗೆ ಬಟ್ಟಲು ತೋರಿಸಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪೇಪರ್ ಕಳಿಸಿಯಾಗೈತಿ, ನೀಲಾ.”

“ವಾಪಸ್ ತಗೋರಿ ಸರ್.”

“ಇನ್ನೊಮ್ಮೆ ಪುಡಿ ಮಾಡೋಣಂತವಾ. ಬ್ಯಾರೆ ರೀತಿ ಒಣಗಿಸೋಣು.”

“ಟೈಮ್ ಎಲ್ಲೈತ್ರಿ ಸರ್?”

ಅವರು ಕನ್ನಡಕ ಮತ್ತೆ ಏರಿಸಿಕೊಂಡರು. ಅವಳು ಬಟ್ಟಲು ಎತ್ತಿಕೊಂಡು ಹೊರಬಂದಳು.

ಮರುದಿನ ಅವಳು ಪ್ರಯೋಗಾಲಯದ ಸಿಂಕಿನಲ್ಲೇ ಏಪ್ರನ್ ಒಗೆದಳು. ತೋಳುಗಳನ್ನು ತಿಕ್ಕಿ ತಿಕ್ಕಿ ಒಗೆದಳು. ರುಕ್ಸಾನಾ ಪಕ್ಕದಲ್ಲಿ ನಿಂತು ನಲ್ಲಿ ಬಿಡುತ್ತಿದ್ದಳು. ನೀಲಾ ಏಪ್ರನ್ ಹಿಂಡಿ ಗೂಟಕ್ಕೆ ಹಾಕಿದಳು. ನನ್ನನ್ನು ಎತ್ತಿಕೊಂಡಳು. ಎಡಗೈಯ ಹೆಬ್ಬೆರಳಿನಿಂದ ‘ಎಡ’ ಎಂಬುದನ್ನು ಒರೆಸಿ, ಕಿಟಕಿಯ ಪಕ್ಕದ ಕಪಾಟಿನಲ್ಲಿ, ಬೇಡದ ಶೀಶೆಗಳ ನಡುವೆ ಇಟ್ಟು ಹೊರಟುಹೋದಳು.

ಅವಳು ಮತ್ತೆ ಬರಲಿಲ್ಲ. ನನಗೆ ಮುಪ್ಪು ಬಂದಿದೆ; ತೇವ ಹಿಡಿದು ಗಂಟುಗಟ್ಟಿದ್ದೇನೆ. ಈ ಕಪಾಟಿನವರನ್ನೆಲ್ಲ ಒಂದು ದಿನ ಡ್ರಮ್ಮಿಗೆ ಸುರಿದು ಸುಡಲು ಕಳಿಸುತ್ತಾರಂತೆ. ಸುರಿಯಲಿ. ಸುಟ್ಟ ಮೇಲಾದರೂ ಯಾವ ಕೈ ಎಂದು ಯಾರೂ ಕೇಳುವುದಿಲ್ಲ.

ಏಪ್ರನ್ ಇನ್ನೂ ಎದುರಿನ ಗೂಟದಲ್ಲಿದೆ, ಅಚ್ಚ ಬಿಳಿಯಾಗಿ. ಗಾಳಿ ಬಂದಾಗ ಎರಡೂ ಖಾಲಿ ತೋಳುಗಳು ಅಲ್ಲಾಡುತ್ತವೆ. ಅವುಗಳಲ್ಲಿ ಎಡ ಯಾವುದೆಂದು ಹೇಳಲು ನಾನು ದಿನವೂ ಯತ್ನಿಸುತ್ತೇನೆ.