ಶಲಬಿ ಹೊಲಿದ ಬಸಿರು

ದಮಿಯಾತ್ ಊರಲ್ಲಿ ಯಾರ ಸೋಫಾ ಕುಸಿದರೂ ಶಲಬಿಯ ಅಂಗಡಿಗೇ ಬರಬೇಕು. ಸ್ಪಂಜು ತುಂಬಿ ಮೆತ್ತೆ ಹೊಲಿಯೋದರಲ್ಲಿ ಅವನದು ಎತ್ತಿದ ಕೈ; ಅದಕ್ಕೇ ಎಲ್ಲರೂ ಅವನನ್ನು ಉಸ್ತಾ, ಅಂದರೆ ಮೇಸ್ತ್ರಿ, ಅನ್ನೋದು. ಆದರೆ ಈ ಸಲ ಅವನು ಹೊಲಿದ ಮೆತ್ತೆ ಸೋಫಾಕ್ಕಲ್ಲ, ಹೆಂಡತಿ ನವಾಲಳ ಹೊಟ್ಟೆಗೆ.

ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿರಲಿಲ್ಲ. ಓಣಿಯ ಬಾಯಿಗೆ ಬೀಗ ಹಾಕೋರು ಯಾರು? ಕೊನೆಗೆ ಒಬ್ಬ ಸೂಲಗಿತ್ತಿ ಶಲಬಿಯ ತಾಯಿ ಬಹೀಗಳ ಕಿವಿ ಊದಿದಳು: "ಬೇಡವಾದ ಕೂಸೊಂದು ಹುಟ್ಟೋದಿದೆ. ಅಲ್ಲೀವರೆಗೆ ಸೊಸೆ ಹೊಟ್ಟೆ ಕಟ್ಕೊಂಡು ಓಡಾಡಲಿ. ಆಮೇಲೆ ನಿಮ್ಮ ಹೆಸರಲ್ಲೇ ಬರೆಸಿದರಾಯ್ತು."

ಅಂದಿನಿಂದ ಶಲಬಿ ತಿಂಗಳಿಗೊಂದು ಪದರ ಸ್ಪಂಜು ಏರಿಸುತ್ತ ಬಂದ.

ಒಂದು ಮಧ್ಯಾಹ್ನ ನವಾಲಳ ಚಿಕ್ಕಪ್ಪನ ಮಗಳು ರಬಾಬ್ ಬಂದಳು. ಅವಳ ಸೊಂಟದ ಮೇಲಿದ್ದ ಮಗಳು ಅನಾಥಾಲಯದಿಂದ ಕಾನೂನಿನ ದಾರಿಯಲ್ಲಿ ಮನೆಗೆ ಬಂದವಳು. ನವಾಲಳನ್ನು ತಬ್ಬಿದ ರಬಾಬ್ ಥಟ್ಟನೆ ಹಿಂದೆ ಸರಿದಳು.

"ಏನೇ ಇದು, ಹೊಟ್ಟೆಗೆ ಮೂಲೆ ಇದೆ?"

"ಇವರ ಕೈಗುಣ," ಅಂದಳು ನವಾಲ್ ನೆಲ ನೋಡುತ್ತ. "ಏನು ಹೊಲಿದರೂ ಚೌಕಾನೇ."

ಶಲಬಿಗೆ ರೇಗಿತು. "ಮೂಲೆ ಎಲ್ಲಿದೆ? ದುಂಡಗೆ ಕತ್ತರಿಸಿದೀನಿ."

ನವಾಲ್ ಸೂಲಗಿತ್ತಿಯ ಉಪಾಯವನ್ನೆಲ್ಲ ಹೇಳಿಬಿಟ್ಟಳು.

"ಕೆಲಸವೇನೋ ಚೆನ್ನಾಗಿದೆ ಉಸ್ತಾ," ಅಂದಳು ರಬಾಬ್, "ಆದ್ರೆ ಜೈಲಿಗೆ ಹೋಗೋ ಕೆಲಸ. ಸುಳ್ಳು ಜನನಪತ್ರ ಬರೆಸೋದು ಅಪರಾಧ. ನಾಳೆ ಪೊಲೀಸರು ಬಂದ್ರೆ? ಮಗು ಅಮ್ಮಾ ಅನ್ನೋಕೆ ಕಲಿತ ಮೇಲೆ ಕಿತ್ಕೊಂಡು ಹೋಗ್ತಾರೆ. ತಡ್ಕೋತೀರಾ?"

ನವಾಲ್ ತನಗೇ ಗೊತ್ತಿಲ್ಲದೆ ಎರಡೂ ಕೈಯಿಂದ ಸ್ಪಂಜು ಅವುಚಿಕೊಂಡಳು.

"ದತ್ತು ನಮ್ಮ ಧರ್ಮದಲ್ಲಿಲ್ಲ ಕಣೇ," ಅಂದಳು ಬಹೀಗ.

"ಬೇರೆಯವರ ಕೂಸನ್ನ ನಾವೇ ಹೆತ್ವಿ ಅನ್ನೋದಷ್ಟೇ ಧರ್ಮದಲ್ಲಿಲ್ಲ, ಅತ್ತೆ. ಸಾಕೋದು ಪುಣ್ಯ. ಅದಕ್ಕೇ ಕಫಾಲಾ ಅಂತಾರೆ. ಸಮಾಜ ಕಲ್ಯಾಣ ಕಚೇರಿಗೆ ಅರ್ಜಿ ಹಾಕಿ. ಅವರು ಮನೆಗೆ ಬರ್ತಾರೆ. ಆರೋಗ್ಯ, ಸಂಪಾದನೆ, ನಡತೆ ಎಲ್ಲಾ ವಿಚಾರಿಸ್ತಾರೆ. ಸಮಿತಿ ಒಪ್ಪಿದ್ರೆ ಮಗು ಬರುತ್ತೆ. ಬಂದ ಮೇಲೂ ಆಗಾಗ ನೋಡ್ಕೊಂಡು ಹೋಗ್ತಾರೆ. ಮನೆತನದ ಹೆಸರು ಸೇರಿಸೋಕೂ ದಾರಿ ಇದೆ. ಆಸ್ತಿ ತಾನಾಗಿ ಬರಲ್ಲ, ಆದ್ರೆ ಮೂರನೇ ಒಂದು ಭಾಗದವರೆಗೆ ಉಯಿಲು ಬರೀಬಹುದು."

"ಗಂಡು ಮಗು ಆದ್ರೆ? ಹೆತ್ತ ಮಗನಲ್ಲ, ಪರಗಂಡಸು. ಅವನು ಮೀಸೆ ಬಿಟ್ಟ ಮೇಲೆ ಸೊಸೆ ಅಡುಗೆಮನೇಲೂ ತಲೆ ಮುಚ್ಕೊಂಡಿರಬೇಕಾ?"

"ನವಾಲಳ ತಂಗಿ ಬಾಣಂತಿ ಅಲ್ವಾ? ಎಳೆಗೂಸಿದ್ದಾಗಲೇ ಅವಳು ಹಾಲೂಡಿಸಲಿ. ಹಾಲಿನ ನಂಟು ಆಗುತ್ತೆ. ನವಾಲ್ ಅವನಿಗೆ ದೊಡ್ಡಮ್ಮ ಆಗ್ತಾಳೆ, ಪರಕೀಯಳಾಗಲ್ಲ."

"ಎಲ್ಲಾ ಸರಿ," ಅಂದ ಶಲಬಿ. "ಓಣಿಗೆ ಏನು ಹೇಳಲಿ?"

"ಓಣಿ ಬಂದು ನಿಮ್ಮ ಮಗುವಿನ ಕುಂಡೆ ತೊಳೆಯುತ್ತಾ?"

ಮತ್ತೆ ಬಂದ ಸೂಲಗಿತ್ತಿಗೆ ಶಲಬಿ ಬಾಗಿಲು ತೋರಿಸಿದ. ನವಾಲ್ ಮೆತ್ತೆ ಬಿಚ್ಚಿ, ಓಣಿಯ ಕಣ್ಣಿಗೆ ಬೀಳದಂತೆ ಮನೆಯೊಳಗೇ ಕೂತಳು. ಅರ್ಜಿ ಹೋಯಿತು. ಕಚೇರಿಯಿಂದ ಶಾಹಿನಾಜ್ ಮೇಡಂ ಬಂದರು. ಬಹೀಗ ತಟ್ಟೆ ತುಂಬ ಮಶಬ್ಬಕ್ ಸಿಹಿ ಇಟ್ಟಳು. ಮೇಡಂ ಅದನ್ನು ಮುಟ್ಟಲಿಲ್ಲ.

"ಓಣಿಯಲ್ಲಿ ವಿಚಾರಿಸಿದೆ. ಸೊಸೆ ತುಂಬು ಬಸುರಿ ಅಂದ್ರಲ್ಲ?"

ಅರ್ಜಿ ಇಲ್ಲಿಗೇ ಮುಗಿಯಿತು ಅನ್ನಿಸಿತು ಶಲಬಿಗೆ.

"ಅದು ಬರೀ ವಾಯು ಮಗಳೇ," ಅಂದಳು ಬಹೀಗ. "ಹುರುಳಿಕಾಳು ಜಾಸ್ತಿ ತಿಂದಿದ್ಲು."

"ಸುಮ್ನಿರು ಯಮ್ಮಾ." ಶಲಬಿ ಒಳಗೆ ಹೋಗಿ ಮೆತ್ತೆ ತಂದು ಮೇಡಂ ಮುಂದಿಟ್ಟ. "ಇದೇ ಆ ಬಸಿರು. ಓಣಿಗೆ ಹೆದರಿ ನಾನೇ ಹೊಲಿದೆ. ಹೆದರಿ ಹೆದರಿ ಸಾಕಾಗಿದೆ."

ಮೇಡಂ ಅದನ್ನು ತಿರುಗಿಸಿ ನೋಡಿದರು. "ನಾಳೆ ಮಗು ನಾನೆಲ್ಲಿಂದ ಬಂದೆ ಅಂತ ಕೇಳಿದ್ರೆ?"

"ಇದರಿಂದ ಅಲ್ಲ ಅಂತ ಹೇಳ್ತೀನಿ," ಅಂದಳು ನವಾಲ್, ತಲೆ ಎತ್ತಿ. "ಎಲ್ಲಿಂದ ಬಂತೋ ಅದನ್ನೇ ಹೇಳ್ತೀನಿ."

ಮೇಡಂ ಸಿಹಿಗೆ ಕೈ ಹಾಕಿದರು. "ಮೂಲೆ ಮಾತ್ರ ಎದ್ದು ಕಾಣುತ್ತೆ ಉಸ್ತಾ."

ಈಗ ಯಾಸೀನ್ ಎಂಬ ಕೂಸು ಅದೇ ಸ್ಪಂಜಿನ ಹಾಸಿಗೆಯ ಮೇಲೆ ಮಲಗಿ ಓಣಿಗೆಲ್ಲ ಕೇಳುವಂತೆ ಅರಚುತ್ತಾನೆ. ಯಾರಾದರೂ ಪಿಸುಗುಟ್ಟಿದರೆ ಬಹೀಗ ಬೀದಿಗಿಳಿದು ಕೇಳುತ್ತಾಳೆ: "ನನ್ನ ಮೊಮ್ಮಗನಿಗೆ ಸರ್ಕಾರದ ಮೊಹರಿದೆ. ನಿನ್ನ ಮೊಮ್ಮಗನಿಗಿದೆಯಾ?"

ಅಕ್ಕಂದಿರೇ, ಅಣ್ಣಂದಿರೇ, ಮಗು ಕದ್ದ ಮಾಲಲ್ಲ, ಕೈಯಿಂದ ಕೈಗೆ ಗುಟ್ಟಾಗಿ ದಾಟಿಸೋಕೆ. ಕಾನೂನು ದೇಶಕ್ಕೊಂದು ಥರ ಇರುತ್ತೆ. ನಿಮ್ಮ ಊರಿನ ಮಕ್ಕಳ ರಕ್ಷಣಾ ಕಚೇರಿಗೆ ಹೋಗಿ, ಬಾಯಿಬಿಟ್ಟು ಕೇಳಿ. ತಡವಾಗಬಹುದು, ಕಾಯಿರಿ. ಮುಂಬಾಗಿಲಿಂದ ಬಂದ ಮಗುವನ್ನು ಹಿತ್ತಲ ಬಾಗಿಲಿಂದ ಯಾರೂ ಎತ್ತಿಕೊಂಡು ಹೋಗಲಾರರು.